ಕಪ್ಪು ತಂತಿ

ಫೆಬ್ರವರಿ 6. ಬೆಳಿಗ್ಗೆ

ಮತ್ತೆ ಗುಂಯ್.

ಆಂಪ್ಲಿಫೈಯರನ್ನು ಬೇರೆ ಸಾಕೆಟ್ಟಿಗೆ ಹಾಕಿ ನೋಡಿದ್ದಾಯಿತು. ಸ್ಪೀಕರ್ ವೈರುಗಳನ್ನು ಒಂದಕ್ಕೊಂದು ತಾಗದಂತೆ ದೂರ ಎಳೆದದ್ದಾಯಿತು. ಮೊಬೈಲನ್ನು ಅಡುಗೆಮನೆಯ ಡಬ್ಬಿಗಳ ನಡುವೆ ಬಚ್ಚಿಟ್ಟು ಬಂದದ್ದಾಯಿತು. ಯಾವುದಕ್ಕೂ ಬಗ್ಗಲಿಲ್ಲ. ರೆಕಾರ್ಡು ತಿರುಗುವ ಮೊದಲೇ, ಸೂಜಿ ಇಳಿಸುವ ಮೊದಲೇ, ಎರಡೂ ಸ್ಪೀಕರಿನಲ್ಲಿ ಅದು ಬಂದು ಕೂತಿರುತ್ತದೆ. ಹಾಡು ಜೋರಾದಾಗ ಮರೆಗೆ ಸರಿಯುತ್ತದೆ. ಹಾಡುವವಳು ಉಸಿರು ತೆಗೆದುಕೊಳ್ಳುವ ಕಡೆ ಮತ್ತೆ ಹಾಜರ್.

ಬಸ್‌ಸ್ಟ್ಯಾಂಡಿನಲ್ಲಾದರೆ ಸಹಿಸಬಹುದು. ಇದು ನನ್ನ ಮುಂದಿನ ಕೋಣೆ. ದಿನವಿಡೀ ಆಸ್ಪತ್ರೆಯಲ್ಲಿ ಬೇರೆಯವರ ಕಿವಿ ಪರೀಕ್ಷೆ ಮಾಡುತ್ತೇನೆ. ದಪ್ಪ ಗೋಡೆಯ ಪುಟ್ಟ ಕೋಣೆಯಲ್ಲಿ ಅವರನ್ನು ಕೂರಿಸಿ, ಹೊರಗಿನಿಂದ ಸಣ್ಣ ಸಣ್ಣ ಬೀಪ್ ಕಳಿಸಿ, ಕೇಳಿದರೆ ಗುಂಡಿ ಒತ್ತಿ ಅನ್ನುವ ಕೆಲಸ. ಯಾರೂ ಇಲ್ಲದ ಹೊತ್ತಿನಲ್ಲಿ ಆ ಕೋಣೆಯೊಳಗೆ ನಾನೇ ಹೋಗಿ ಬಾಗಿಲು ಹಾಕಿಕೊಂಡು ಕೂರುತ್ತೇನೆ. ನಿಶ್ಶಬ್ದ ಅಂದರೆ ಏನೆಂದು ನನಗೆ ಗೊತ್ತು. ಮನೆಯಲ್ಲೂ ಅದು ಬೇಕು. ಅದರೊಳಗೆ ಹಾಡು ಬೇಕು. ಇದು ಅತಿಯಾಸೆ ಅನ್ನುವವರು ಅಂದುಕೊಳ್ಳಲಿ.

ಬಸ್ಸಿಗೆ ಹೊತ್ತಾಯಿತು.

ಫೆಬ್ರವರಿ 9, ಭಾನುವಾರ

ಹಳೇ ಸಾಮಾನಿನ ಅಂಗಡಿಗೆ ಹೋಗಿದ್ದೆ. ಆಂಪ್ಲಿಫೈಯರ್, ಸ್ಪೀಕರ್, ಟರ್ನ್‌ಟೇಬಲ್, ಒಂದು ಪೆಟ್ಟಿಗೆ ರೆಕಾರ್ಡು, ಎಲ್ಲ ಆ ಅಂಗಡಿಯವನಲ್ಲೇ ಕೊಂಡದ್ದು. ಗುಂಯ್ ಅಂದೆ. ಪ್ಲಗ್ಗಿನ ಮೂರನೇ ಪಿನ್, ಆ ಅರ್ತಿನದು, ಮುರಿದು ಹಾಕಿ, ಹೋಗತ್ತೆ ಅಂದ. ಹೋಗುತ್ತದೆ, ನಿಜ. ಒಂದು ದಿನ ಅದರ ಹಿಂದೆ ನಾನೂ ಹೋಗುತ್ತೇನೆ. ಅರ್ತ್ ಇಲ್ಲದ ಕಬ್ಬಿಣದ ಪೆಟ್ಟಿಗೆಯನ್ನು ಒದ್ದೆ ಕೈಯಲ್ಲಿ ಮುಟ್ಟುವಷ್ಟು ಸಂಗೀತದ ಹುಚ್ಚು ನನಗಿಲ್ಲ.

ಆಮೇಲೆ ಒಂದು ಸ್ಟೆಬಿಲೈಜರ್ ತೋರಿಸಿದ. ಸೂಟ್‌ಕೇಸಿನಷ್ಟಿದೆ. ಆನ್ ಮಾಡಿಸಿದೆ. ಅದೂ ಗುಂಯ್ ಅನ್ನುತ್ತಿತ್ತು. ನಮಸ್ಕಾರ ಹೇಳಿ ಬಂದೆ.

ಬರುವಾಗ ಅಣ್ಣ ಅವನ ಗೇಟಿನಲ್ಲಿ ನಿಂತಿದ್ದ. ಅತ್ತಿಗೆ ಒಳಗಿದ್ದರು. ಒಳಗಿದ್ದವರಿಗೆ ಕೇಳಿಸಬೇಕಾದ್ದಕ್ಕಿಂತ ಜೋರಾಗಿ ಹೇಳಿದ. "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಕೇಳಿದ್ಯೇನೇ?" ನನ್ನ ಹೊಟ್ಟೆಗೆ ಹಿಟ್ಟಿದೆ. ಸಂಬಳದ್ದು. ನಾನೂ ಅತ್ತಿಗೆಗೇ ಹೇಳಿದೆ, ಅವರು ಕಾಣದಿದ್ದರೂ.

ಒಂದೇ ಮನೆ, ನಡುವೆ ಗೋಡೆ. ಅಪ್ಪ ಹೋದ ಮೇಲೆ ನನ್ನ ಪಾಲು ಕೇಳಿದೆ. ಮದುವೆಯಾಗದವಳಿಗೆ ಒಂದು ಕೋಣೆ ಸಾಲದೇ ಅಂದ. ಸಾಲದು ಅಂದೆ. ಕೋರ್ಟೂ ಸಾಲದು ಅಂದಿತು. ಅಂದಿನಿಂದ ಮಾತಿಲ್ಲ. ಅಂದರೆ ಬಾಯಿ ಮುಚ್ಚಿಕೊಂಡಿದ್ದೇವೆ ಅಂತಲ್ಲ. ಅವನು ಅತ್ತಿಗೆಗೆ ಹೇಳುತ್ತಾನೆ, ನನಗೆ ಕೇಳಿಸುವ ಹಾಗೆ. ನಾನೂ ಅತ್ತಿಗೆಗೆ ಹೇಳುತ್ತೇನೆ, ಅವನಿಗೆ ಕೇಳಿಸುವ ಹಾಗೆ. ಅವರು ನಡುವೆ ಬಟ್ಟೆ ಮಡಚುತ್ತ ನಿಂತಿರುತ್ತಾರೆ. ನಾನಿರುವ ಕಡೆಯನ್ನು ಅವನು ಇವತ್ತಿಗೂ ನನ್ನ ಮನೆ ಅನ್ನುವುದಿಲ್ಲ. "ಆ ಭಾಗ" ಅನ್ನುತ್ತಾನೆ. ನಾವು ಬಿಟ್ಟುಕೊಟ್ಟ ಭಾಗ.

ಫೆಬ್ರವರಿ 16, ಭಾನುವಾರ

ವೋಲ್ಟೇಜ್ ಬಂದಿದ್ದ. ಈ ಬೀದಿಯ ಕರೆಂಟಿನವನಿಗೆ ಆ ಹೆಸರು ಯಾರಿಟ್ಟರೋ. ಯಾರ ಮನೆಯಲ್ಲಿ ಏನು ಕೆಟ್ಟರೂ "ವೋಲ್ಟೇಜ್ ಪ್ರಾಬ್ಲಂ ಅಕ್ಕ" ಅನ್ನುತ್ತಾನೆ. ಅವನ ಹೆಂಡತಿಗೆ ತಲೆನೋವು ಬಂದಾಗಲೂ ಹಾಗೇ ಅಂದನಂತೆ, ಅವಳೇ ಹೇಳಿದಳು.

ಸಾಕೆಟ್ ಬಿಚ್ಚಿದ, ಟೆಸ್ಟರ್ ಚುಚ್ಚಿದ, ತಲೆದೂಗಿದ. ಅರ್ತ್ ಸತ್ತಿದೆಯಂತೆ. ಅಪ್ಪನ ಕಾಲದ ಗುಂಡಿ, ಪೈಪ್ ತುಕ್ಕು ಹಿಡಿದು ಮಣ್ಣಾಗಿದೆ. ಹೊಸ ಗುಂಡಿ ತೆಗೆಯಬೇಕು. ಹಾಡಿಗೆ ಬೇರೆಯೇ ಲೈನ್ ಎಳೆಯಬೇಕು, ಮೀಟರಿನಿಂದ ನೇರ, ದಪ್ಪ ತಂತಿ, ನಡುವೆ ಫ್ಯಾನಿಲ್ಲ ಫ್ರಿಜ್ಜಿಲ್ಲ. ಹಾಗೆ ಮಾಡಿದರೆ ಗುಂಯ್ ಅನ್ನುವುದು ಸೊಳ್ಳೆ ಮಾತ್ರ ಅಂತ ಗ್ಯಾರಂಟಿ ಕೊಟ್ಟ.

ಖರ್ಚು ಕೇಳಿ ಮೂಗಿಗಿಂತ ಮೂಗುತಿ ಭಾರ ಅನಿಸಿತು. ಆದರೂ ಹೂಂ ಅಂದೆ. ನನ್ನ ಮೂಗು, ನನ್ನ ಮೂಗುತಿ.

ಫೆಬ್ರವರಿ 20. ಸಂಜೆ

ರಜೆ ಹಾಕಿದ್ದೆ. ಅಂಗಳದಲ್ಲಿ ಗುಂಡಿ. ಆಳುದ್ದ. ಇದ್ದಿಲು, ಉಪ್ಪು, ನಡುವೆ ಹೊಸ ಪೈಪ್. ಮಣ್ಣು ಕಾಂಪೌಂಡಿನ ಹತ್ತಿರ ಬಿದ್ದದ್ದೇ ಸಾಕಾಯಿತು.

ಅಣ್ಣ: "ಅವಳಿಗೆ ಹೇಳು, ಪಾಯ ಏನಾದ್ರೂ ಕುಸಿದ್ರೆ ನಾನು ಸುಮ್ನಿರಲ್ಲ."

ನಾನು: "ಅತ್ತಿಗೆ, ಪಾಯ ನನ್ನ ಕಡೆದೂ ಹೌದು ಅಂತ ಹೇಳಿ."

ಅತ್ತಿಗೆ ಕಾಂಪೌಂಡಿನ ಮೇಲಿಂದ ಗುಂಡಿಗೆ ಇಣುಕಿ, ಉಪ್ಪು ಎಷ್ಟು ಹಿಡಿಯಿತು ಅಂತ ವೋಲ್ಟೇಜನ್ನು ಕೇಳಿದರು. ಇವತ್ತು ಯಾರಾದರೂ ಕೇಳಿದ ಬುದ್ಧಿಯಿರುವ ಪ್ರಶ್ನೆ ಅದೊಂದೇ.

ಫೆಬ್ರವರಿ 23. ಬೆಳಿಗ್ಗೆ

ಲೈನ್ ಬಂತು. ಸ್ವಂತ ಬೋರ್ಡು, ಸ್ವಂತ ಸ್ವಿಚ್ಚು. ಹೆಬ್ಬೆರಳಿನಷ್ಟು ದಪ್ಪ ತಂತಿ. ಆನ್ ಮಾಡಿದೆ. ಗುಂಯ್ ಅರ್ಧ ಹೋಗಿತ್ತು. ಅರ್ಧ! ವೋಲ್ಟೇಜ್ ಹಲ್ಲು ಕಿರಿದು, ಏನೂ ಕೇಳಿಸ್ತಿಲ್ಲ ಅಕ್ಕ ಅಂದ. ನನಗೆ ಕೇಳುತ್ತದೆ ಅಂದೆ. ನಿಮ್ದು ಆಸ್ಪತ್ರೆ ಕಿವಿ ಅಂದ. ಹೌದು, ಆಸ್ಪತ್ರೆ ಕಿವಿಯೇ. ಅದಕ್ಕೇ ಸಂಬಳ.

ಅವನು ಹೋದ ಮೇಲೆ ಕೂತೆ. ರೆಕಾರ್ಡು ಹಾಕಲಿಲ್ಲ. ವಾಲ್ಯೂಮ್ ಏರಿಸಿ, ಕಣ್ಣು ಮುಚ್ಚಿ, ಬರೀ ಗುಂಯ್ ಕೇಳಿದೆ. ರೋಗಿಗೆ ಬೀಪ್ ಕೇಳಿಸುವ ಹಾಗೆ ನನಗೆ ನಾನೇ ಕೇಳಿಸಿದೆ. ಸುಮಾರು ಹೊತ್ತು ಒಂದೇ ಸಮ. ಇದ್ದಕ್ಕಿದ್ದಂತೆ ದಪ್ಪಗಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ತೆಳ್ಳಗೆ. ನಂತರ ಜರ್ರ್ ಎಂದು ಒಂದು ಕೆರೆತ, ನಿಂತಿತು, ಮತ್ತೆ ಜರ್ರ್.

ನನ್ನ ಮನೆಯಲ್ಲಿ ಏನೂ ಓಡುತ್ತಿರಲಿಲ್ಲ. ಫ್ರಿಜ್ ಕೂಡ ಆರಿಸಿದ್ದೆ.

ಎದ್ದು ಹಿಂದಿನ ಬಾಗಿಲಿಗೆ ಹೋದೆ. ಅತ್ತಿಗೆ ಬಟ್ಟೆ ಒಣಗಹಾಕುತ್ತಿದ್ದರು. ಈಗಷ್ಟೇ ಮಿಕ್ಸಿ ಹಾಕಿದಿರಾ ಎಂದು ಕೇಳಿದೆ. ಹೌದು ಅಂದರು. ಅದಕ್ಕೆ ಮೊದಲು ನೀರಿನ ಪಂಪು? ಅದೂ ಹೌದು. ನನ್ನನ್ನು ಒಂಥರಾ ನೋಡಿದರು.

ಅಣ್ಣನ ಮನೆಯ ಮಿಕ್ಸಿ ನನ್ನ ಸ್ಪೀಕರಿನಲ್ಲಿ!

ಮಾರ್ಚ್ 2, ಭಾನುವಾರ

ವೋಲ್ಟೇಜನ್ನು ಹಿಡಿದು ತಂದು ಹಳೇ ಮೇನ್ ಬೋರ್ಡು ಬಿಚ್ಚಿಸಿದೆ. ಅದು ನನ್ನ ಪಡಸಾಲೆಯಲ್ಲಿದೆ, ಮರದ ಬಾಗಿಲ ಹಿಂದೆ. ಪಾಲಾದಾಗಿನಿಂದ ಯಾರೂ ಒಳಗೆ ಕೈ ಹಾಕಿಲ್ಲ. ಜೇಡ, ಧೂಳು, ಒಂದು ಸತ್ತ ಹಲ್ಲಿ. ಅವನು ಟಾರ್ಚ್ ಬಿಟ್ಟು ನೋಡಿ, ಮೊದಲ ಸಲ ವೋಲ್ಟೇಜ್ ಪ್ರಾಬ್ಲಂ ಅನ್ನದೆ ನನ್ನನ್ನು ಕರೆದು ತೋರಿಸಿದ.

ಕರೆಂಟು ಕೆಂಪು ತಂತಿಯಲ್ಲಿ ಬರುತ್ತದೆ, ಕಪ್ಪು ತಂತಿಯಲ್ಲಿ ಮರಳಿ ಹೋಗುತ್ತದೆ. ಕಂಬದಿಂದ ಬಂದ ಕೆಂಪು ತಂತಿಗಳು ಬೇರೆ ಬೇರೆ. ಅಣ್ಣನದು ಅವನ ಮೀಟರಿಗೆ, ನನ್ನದು ನನ್ನ ಮೀಟರಿಗೆ. ಕಪ್ಪು ಮಾತ್ರ ಒಂದೇ. ನನ್ನ ಬೋರ್ಡಿನ ಹಿತ್ತಾಳೆ ಪಟ್ಟಿಯ ಮೇಲೆ ನನ್ನ ಕಪ್ಪು ತಂತಿ, ಅದರ ಪಕ್ಕದಲ್ಲೇ ಗೋಡೆ ತೂರಿ ಬಂದ ಅಣ್ಣನ ಕಪ್ಪು ತಂತಿ, ಅಕ್ಕಪಕ್ಕ ಎರಡು ನಟ್ಟು. ಅಲ್ಲಿಂದ ಕಂಬಕ್ಕೆ ಹೋಗುವ ಒಂದೇ ತಂತಿ, ಸುಟ್ಟು ಕರಗಿದ ಬೋಲ್ಟಿಗೆ ನೇತಾಡುತ್ತಿದೆ. ಅವನ ಮನೆಯ ಪಂಪು, ಮಿಕ್ಸಿ, ಟಿವಿ, ಎಲ್ಲದರ ಕರೆಂಟೂ ನನ್ನ ಗೋಡೆಯ ಮೂಲಕ ಮರಳಿ ಹೋಗುತ್ತಿದೆ.

ನಗು ಬಂತು. ನಿಲ್ಲಿಸಲಾಗಲಿಲ್ಲ. ಪಾಲಿನ ದಿನ ನೆನಪಿದೆ. ಅಣ್ಣನೇ ಹುಡುಕಿ ತಂದ ಕರೆಂಟಿನವನು. ಸ್ಟೂಲ್ ಹಾಕಿಕೊಂಡು ಅಣ್ಣ ಇಡೀ ದಿನ ಕಾವಲು ಕೂತಿದ್ದ, ತನ್ನ ಒಂದು ಕೆಂಪು ತಂತಿಯೂ ತಪ್ಪಿ ನನ್ನ ಕಡೆ ಬರಬಾರದು ಅಂತ. ಕೆಂಪನ್ನು ಬೆರಳು ಮಾಡಿ ಮಾಡಿ ಎಣಿಸಿದ. ಕಪ್ಪನ್ನು ಕೇಳಿದ್ದಕ್ಕೆ ಆ ಕರೆಂಟಿನವನು, ಅದರಲ್ಲಿ ಕರೆಂಟಿರಲ್ಲ ಸಾರ್, ಅಲ್ಲೇ ಇರ್ಲಿ ಬಿಡಿ, ಇಲ್ಲಾಂದ್ರೆ ನಿಮ್ ಗೋಡೆ ಒಡೀಬೇಕು ಅಂದ. ಗೋಡೆಗೆ ಅಣ್ಣ ಆಗಷ್ಟೇ ಬಣ್ಣ ಹೊಡೆಸಿದ್ದ. ಇರ್ಲಿ ಬಿಡು ಅಂದ.

ದಾರಿ ಒಂದೇ. ಅವನ ಮೀಟರಿನಿಂದ ಅವನದೇ ಕಪ್ಪು ತಂತಿ ಎಳೆಯಬೇಕು. ಅದಕ್ಕೆ ಅವನ ಮುಂದಿನ ಗೋಡೆ ಕೊರೆಯಬೇಕು. ಖರ್ಚು ನನ್ನದೇ ಇರಲಿ ಅಂದುಕೊಂಡೆ.

ಮಾರ್ಚ್ 3

ಹೇಳಿದೆ. ಕಾಂಪೌಂಡಿನ ಮೇಲಿಂದ, ಅತ್ತಿಗೆ ಮೂಲಕ, ನಿಧಾನವಾಗಿ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ. ಅಣ್ಣ ಪೇಪರಿನಿಂದ ತಲೆಯೆತ್ತಲಿಲ್ಲ.

"ಅವಳಿಗೆ ಹೇಳು. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಅವಳ ಹಾಡಿಗೋಸ್ಕರ ನಾನು ಗೋಡೆ ಒಡಿಸಲ್ಲ. ಆ ಭಾಗ ಕೊಟ್ಟಿದ್ದೇ ಹೆಚ್ಚು."

ಕೊಟ್ಟದ್ದು! ಮೈ ಉರಿಯಿತು. ಆಸ್ಪತ್ರೆಯಲ್ಲಿ ಒಬ್ಬ ಮುದುಕರಿಗೆ ಬೀಪ್ ಕಳಿಸುವುದನ್ನೇ ಮರೆತು ಕೂತಿದ್ದೆ. ಕೇಳಿಸ್ತಿಲ್ಲಮ್ಮ, ಪೂರ್ತಿ ಹೋಯ್ತಾ ಅಂತ ಗಾಬರಿಯಾಗಿ ಕೇಳಿದರು ಪಾಪ.

ಮಾರ್ಚ್ 11. ರಾತ್ರಿ

ಗಾಜು ಗುಡಿಸಿ ಬಂದು ಬರೆಯುತ್ತಿದ್ದೇನೆ.

ಆರೂವರೆಗೆ ಬಂದೆ. ದೀಪ ಹಾಕಿ, ಆಂಪ್ಲಿಫೈಯರ್ ಆನ್ ಮಾಡಿ, ರೆಕಾರ್ಡು ಒರೆಸುತ್ತಿದ್ದೆ. ಬಲ್ಬು ಒಮ್ಮೆಲೇ ಬೆಳ್ಳಗಾಯಿತು. ಮಧ್ಯಾಹ್ನದ ಹಾಗೆ. ಫ್ಯಾನು ಹುಚ್ಚು ಹಿಡಿದಂತೆ ತಿರುಗಿತು. ಆಂಪ್ಲಿಫೈಯರಿನಿಂದ ಟಪ್ ಎಂದು ಸದ್ದು, ಸುಟ್ಟ ವಾಸನೆ. ಬಲ್ಬು ಒಡೆಯಿತು. ಓಡಿಹೋಗಿ ಮೇನ್ ಎಳೆದೆ. ಆ ಕಡೆ ಅತ್ತಿಗೆ ಕೂಗುತ್ತಿದ್ದರು. ಅವರಲ್ಲಿ ತಿರುಗುಮುರುಗು: ಫ್ಯಾನು ನಿಂತೇಹೋಯಿತಂತೆ, ದೀಪ ಮಂಕು, ಫ್ರಿಜ್ಜು ನರಳುತ್ತಿತ್ತಂತೆ.

ವೋಲ್ಟೇಜ್ ಓಡಿ ಬಂದ. ಕಂಬಕ್ಕೆ ಹೋಗುವ ಆ ಸುಟ್ಟ ಬೋಲ್ಟು ಸಡಿಲವಾಗಿ ಕಪ್ಪು ತಂತಿ ಕಳಚಿದೆ. ಮರಳುವ ದಾರಿ ತಪ್ಪಿದಾಗ ಎರಡು ಮನೆಯ ಕರೆಂಟೂ ಒಂದರೊಳಗೊಂದು ನುಗ್ಗುತ್ತದಂತೆ. ಸಾಮಾನು ಹೆಚ್ಚಿರುವ ಮನೆಗೆ ಕಡಿಮೆ, ಕಡಿಮೆಯಿರುವ ಮನೆಗೆ ಎಲ್ಲವೂ. ನನ್ನಲ್ಲಿ ಆಗ ಒಂದು ಬಲ್ಬು, ಒಂದು ಫ್ಯಾನು, ಹಾಡು ಅಷ್ಟೇ, ಫ್ರಿಜ್ ಹಾಡಿಗೋಸ್ಕರ ಆರಿಸಿದ್ದೆ. ಎಲ್ಲ ಬಂದು ನನ್ನ ಮೇಲೆ ಬಿತ್ತು.

ಫ್ಯೂಸ್ ಹಾರಿ ಆಂಪ್ಲಿಫೈಯರ್ ಉಳಿದಿದೆ. ಅದನ್ನು ತಬ್ಬಿಕೊಂಡು ಕೂತಿದ್ದೆ. ಹುಚ್ಚಿ ಅನ್ನಲಿ. ಬೋಲ್ಟು ಬಿಗಿ ಮಾಡಿ ಹೋಗುವಾಗ ವೋಲ್ಟೇಜ್ ಮೆಲ್ಲಗೆ ಹೇಳಿದ. "ಇನ್ನೊಂದ್ಸಲ ಬಿಟ್ರೆ ಫ್ಯೂಸ್ ಕಾಯಲ್ಲ ಅಕ್ಕ. ಮನೆ ಹತ್ಕೊಳತ್ತೆ. ಎರಡೂ."

ಮಾರ್ಚ್ 12

ಅಣ್ಣನ ತೀರ್ಪು: ಅವಳ ಪೆಟ್ಟಿಗೆಯಿಂದಲೇ ಎಲ್ಲ ಆದದ್ದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಕರೆಂಟ್ ಆಫೀಸಿಗೆ ಹೋದೆ. ಕಂಬದ ತುದಿಯ ಜೋಡಣೆ ನೋಡಲು ನಾಳೆಯೇ ಜನ ಕಳಿಸುತ್ತೇವೆ ಅಂದರು. ಮನೆಯೊಳಗಿನದು? ಅದು ನಿಮ್ಮದು, ಪ್ರತಿ ಮನೆಗೂ ಅದರದೇ ನ್ಯೂಟ್ರಲ್, ಅಂದರೆ ಆ ಕಪ್ಪು ತಂತಿ, ಇರಬೇಕು, ಬೇಗ ಬೇರೆ ಮಾಡಿಸಿಕೊಳ್ಳಿ, ಬೇಕಾದರೆ ಅವರ ಮೀಟರಿಗೆ ನಾವೇ ಕಂಬದಿಂದ ಕಪ್ಪು ತಂತಿ ಕೊಡುತ್ತೇವೆ ಅಂದರು ಇಂಜಿನಿಯರಮ್ಮ. ಅಣ್ಣ ಒಪ್ಪದಿದ್ದರೆ ಅಂತ ಕೇಳಿದೆ. ನಿಮ್ಮ ಬೋರ್ಡು ಯಾರದು ಅಂತ ತಿರುಗಿ ಕೇಳಿದರು.

ಬಸ್ಸಿನಲ್ಲಿ ಬರುವಾಗ ಅದೇ ಪ್ರಶ್ನೆ. ನನ್ನ ಬೋರ್ಡು ನನ್ನದು. ಒಂದು ನಟ್ಟು ಬಿಚ್ಚಿದರೆ ಅವನ ಮನೆ ಕತ್ತಲೆ. ಇಷ್ಟು ವರ್ಷ ಅವನ ದಯೆಯಲ್ಲಿ ನಾನಿದ್ದೇನೆ ಅಂತ ಊರಿಗೆಲ್ಲ ಹೇಳಿಕೊಂಡು ಬಂದ. ಅವನು ಅನುಮತಿ ಕೊಡಲಿ ಅಂತ ನಾನೂ ಕಾಂಪೌಂಡಿನ ಬಳಿ ನಿಂತೆನಲ್ಲ, ದಡ್ಡಿ. ಅನುಮತಿ ಕೇಳಬೇಕಾದವನು ಅವನು.

ಮಾರ್ಚ್ 14. ಸಂಜೆ

ಹೇಳಿಬಿಟ್ಟೆ. ಅತ್ತಿಗೆ ತರಕಾರಿ ಹೆಚ್ಚುತ್ತಿದ್ದರು, ಅವನು ಪಕ್ಕದಲ್ಲೇ.

"ಅತ್ತಿಗೆ, ಮುಂದಿನ ವಾರದ ಭಾನುವಾರ, ಇಪ್ಪತ್ಮೂರಕ್ಕೆ, ಬೆಳಿಗ್ಗೆ ನಿಮ್ಮ ಕಪ್ಪು ತಂತಿ ನನ್ನ ಬೋರ್ಡಿಂದ ತೆಗೀತೀನಿ. ಅಷ್ಟರಲ್ಲಿ ನಿಮ್ದು ನೀವು ಎಳೆಸ್ಕೊಳಿ. ವೋಲ್ಟೇಜ್ ಕೈಲಿ ಮಾಡಿಸೋದಾದ್ರೆ ಅವನ ಕೂಲಿ ನಾನೇ ಕೊಡ್ತೀನಿ."

ಅಣ್ಣನ ಪೇಪರ್ ಕೆಳಗಿಳಿಯಿತು. "ತೆಗೀಲಿ ನೋಡೋಣ ಅಂತ ಹೇಳು."

ನೋಡೋಣ.

ಒಂದು ಮಾತು ಇಲ್ಲಾದರೂ ನೆಟ್ಟಗೆ ಬರೆಯಬೇಕು. ಮನೆ ಸುಡಬಾರದು ಅನ್ನುವುದು ಅರ್ಧ ಕಾರಣ. ಇನ್ನರ್ಧ ಹಾಡು. ಬೆಂಕಿಯ ಭಯವಿಲ್ಲದಿದ್ದರೂ ತೆಗೆಯುತ್ತಿದ್ದೆ. ಅವನ ಮಿಕ್ಸಿ ನನ್ನ ಹಾಡಿನೊಳಗೆ ಬರಬಾರದು. ಚಿಕ್ಕಂದಿನಲ್ಲಿ ಈ ಮನೆಯ ರೇಡಿಯೋ ಇವನ ಕೈಲಿತ್ತು. ಯಾವ ಹಾಡು, ಎಷ್ಟು ಹೊತ್ತು, ಎಲ್ಲ ಇವನದೇ. ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಆಗ ಏನೂ ಅನ್ನಿಸಿರಲಿಲ್ಲ. ಈಗ ಅನ್ನಿಸುತ್ತಿದೆ, ತಡವಾಗಿ, ಚೆನ್ನಾಗಿ.

ಮಾರ್ಚ್ 16

ಬೆಳಿಗ್ಗೆಯಿಂದ ಫೋನು. ಚಿಕ್ಕಪ್ಪ: ಹೆಣ್ಣುಮಕ್ಕಳಿಗೆ ಇಷ್ಟು ಹಟ ಒಳ್ಳೇದಲ್ಲ. ಅಣ್ಣನ ಹಟಕ್ಕೆ ಯಾವ ಹೆಸರಿಟ್ಟಿದ್ದೀರಿ ಅಂತ ಕೇಳಿದೆ. ಸ್ವಾಭಿಮಾನ ಅಂದರು. ನನ್ನದಕ್ಕೂ ಅದೇ ಇಟ್ಟುಕೊಳ್ಳಿ ಅಂದೆ. ಅತ್ತೆಯ ಮಗಳು: ಹೆಡ್‌ಫೋನ್ ಹಾಕ್ಕೊಂಡು ಕೇಳಬಾರದೇನೇ? ದಿನಾ ಎಂಟು ಗಂಟೆ ಹೆಡ್‌ಫೋನ್ ಮಧ್ಯೆಯೇ ಬದುಕುತ್ತೇನೆ ತಾಯಿ. ಮನೆಯಲ್ಲಿ ಕಿವಿಗೆ ಗಾಳಿ ಬೇಕು.

ಆಮೇಲೆ ರಿಂಗ್ ಆದರೆ ಎತ್ತಲಿಲ್ಲ. ಫೋನಿನ ಗುಂಯ್ ಒಂದಾದರೂ ನನ್ನ ಕೈಯಲ್ಲಿದೆ.

ಮಾರ್ಚ್ 19. ಬೆಳಿಗ್ಗೆ

ಅತ್ತಿಗೆ ಬಂದಿದ್ದರು. ನನ್ನ ಗೇಟು ತೆಗೆದುಕೊಂಡು, ಮುಂದಿನ ಬಾಗಿಲಿನಿಂದ. ಪಾಲಾದ ಮೇಲೆ ಮೊದಲ ಸಲ. ಕೂರಿ ಅಂದೆ, ಕೂರಲಿಲ್ಲ. ಸ್ಪೀಕರಿನ ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಅಣ್ಣ ಕಳಿಸಿರಬೇಕು, ಬೇಡಿಕೊಳ್ಳಲು ಬಂದಿರಬೇಕು ಅಂದುಕೊಂಡು ನಾನು ಒಳಗೊಳಗೇ ಉತ್ತರ ಜೋಡಿಸಿಕೊಳ್ಳುತ್ತಿದ್ದೆ.

"ಭಾನುವಾರ ತೆಗೀತೀನಿ ಅಂದ್ಯಲ್ಲ, ತೆಗಿ. ಹಿಂದೆ ಸರೀಬೇಡ. ನಾನು ಫ್ರಿಜ್ ಖಾಲಿ ಮಾಡ್ತಾ ಬಂದಿದೀನಿ. ನೀರೂ ತುಂಬಿಸಿಡ್ತೀನಿ. ಬೆಂಕಿ ಬೀಳತ್ತೆ ಅಂತ ನಾನು ಹೇಳಿದ್ರೆ ಅವರಿಗೆ ಕೇಳ್ಸಲ್ಲ. ಕತ್ತಲೆಯಾದ್ರೆ ಕಾಣತ್ತೆ."

ಜೋಡಿಸಿದ ಉತ್ತರವೆಲ್ಲ ಹಾಳಾಯಿತು. ಕಾಫಿ ಕೊಡಲೂ ತೋಚಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, ನಡುವೆ ನಿಂತು ನಿಂತು ಕಾಲು ಸೋತಿದೆ ಕಣೇ ಅಂದರು. ಇಷ್ಟು ವರ್ಷದಲ್ಲಿ ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಬಟ್ಟೆ ಮಡಚುತ್ತಾರೆ, ಸುಮ್ಮನಿರುತ್ತಾರೆ, ಅಷ್ಟೇ ಅಂದುಕೊಂಡಿದ್ದೆ.

ಮಾರ್ಚ್ 23, ಭಾನುವಾರ

ಬೆಳಿಗ್ಗೆ ವೋಲ್ಟೇಜ್ ಬಂದ. ಎರಡೂ ಕಡೆಯ ಮೇನ್ ಆರಿಸಬೇಕು ಅಂದ. ಅಣ್ಣನ ಕಡೆಯದನ್ನು ಅತ್ತಿಗೆ ಆರಿಸಿ, ಆಯ್ತು ಅಂತ ಕೂಗಿದರು. ಅಣ್ಣ ಕಾಂಪೌಂಡಿನ ಆಚೆ ಕೈಕಟ್ಟಿ ನಿಂತಿದ್ದ. ನಾನು ಹೆದರುತ್ತೇನೆ ಅಂತ ಕೊನೆಯವರೆಗೂ ನಂಬಿದ್ದ, ಮುಖದಲ್ಲಿ ಕಾಣುತ್ತಿತ್ತು.

ಹೆದರಿಕೆ ಇರಲಿಲ್ಲವೇ? ಇತ್ತು. ಸ್ಪ್ಯಾನರ್ ಇಲ್ಲಿ ಕೊಡು ಅಂದೆ. ವೋಲ್ಟೇಜ್ ಎರಡು ಸಲ ಟೆಸ್ಟರ್ ಇಟ್ಟು ನೋಡಿ ಕೊಟ್ಟ. ನಟ್ಟು ಹಿಡಿದುಕೊಂಡಿತ್ತು. ಮೈಭಾರ ಹಾಕಿ ತಿರುಗಿಸಿದೆ. ಕಿರ್ರ್ ಎಂದು ಬಿಟ್ಟಿತು. ಅವನ ಕಪ್ಪು ತಂತಿ ಹೊರಗೆ ಬಂತು. ತುದಿಗೆ ಟೇಪ್ ಸುತ್ತಿ ಗೋಡೆಯ ತೂತಿನಲ್ಲಿ ಆಚೆಗೆ ತಳ್ಳಿದೆವು. ಹಿತ್ತಾಳೆ ಪಟ್ಟಿ ಉಜ್ಜಿ, ಹೊಸ ಬೋಲ್ಟು ಹಾಕಿ, ನನ್ನ ಮೇನ್ ಹಾಕಿದೆ.

ಅಣ್ಣ ಒಳಗೆ ಹೋಗಿ ಒಂದೊಂದೇ ಸ್ವಿಚ್ ಒತ್ತಿ ನೋಡುವುದು ಕೇಳಿಸಿತು. ಟಕ್. ಟಕ್. ಟಕ್.

ಆಂಪ್ಲಿಫೈಯರ್ ಆನ್ ಮಾಡಿದೆ. ವಾಲ್ಯೂಮ್ ಏರಿಸಿದೆ. ಇನ್ನೂ ಏರಿಸಿದೆ. ಕೆಟ್ಟಿದೆಯೇನೋ ಅಂದುಕೊಂಡು ಸ್ಪೀಕರಿಗೆ ಕಿವಿ ಇಟ್ಟೆ. ಏನೂ ಇಲ್ಲ! ಆಸ್ಪತ್ರೆಯ ಆ ಕೋಣೆಯಷ್ಟು ಏನೂ ಇಲ್ಲ. ವಾಲ್ಯೂಮ್ ಇಳಿಸಿ, ಲೇಬಲ್ ಅಳಿಸಿಹೋದ ಒಂದು ರೆಕಾರ್ಡು ಇಟ್ಟೆ, ಹೆಂಗಸೊಬ್ಬಳು ಹಾಡಿದ್ದು. ಬಾಯಿ ತೆರೆಯುವ ಮೊದಲು ಅವಳು ತುಟಿ ಬಿಡಿಸಿದ ಸದ್ದು ಕೇಳಿತು. ಹಿಂದೆ ಯಾರೋ ಪುಟ ತಿರುವಿದ್ದು. ಎರಡನೇ ಸಾಲಿಗೆ ಮುಂಚೆ ಉಸಿರು, ಅಷ್ಟು ಹತ್ತಿರದಿಂದ. ಅಳು ಬಂತು. ನಾಚಿಕೆಯಾಗಲಿಲ್ಲ. ವೋಲ್ಟೇಜ್ ಹೊಸಿಲಿನ ಮೇಲೆ ಕೂತು ಪೂರ್ತಿ ಕೇಳಿ, ಇದೇನಾ ಅಕ್ಕ ನೀವು ಹೇಳ್ತಿದ್ದಿದ್ದು ಅಂದ.

ಸಂಜೆ ಕಾಂಪೌಂಡಿನ ಮೇಲೆ ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ಇಟ್ಟು ಬಂದೆ, ನನ್ನ ಅಡುಗೆಮನೆ ಲೈನಿನಿಂದ. ದೀಪಕ್ಕೆ, ಫ್ಯಾನಿಗೆ ಸಾಕು. ಅತ್ತಿಗೆಗೆ ಹೇಳಿಯೇ ಇಟ್ಟದ್ದು. ಸ್ವಲ್ಪ ಹೊತ್ತಿಗೆ ವೈರ್ ಸುತ್ತಿ ನನ್ನ ಮೆಟ್ಟಿಲ ಮೇಲೆ ಇಟ್ಟಿತ್ತು. ನೀಟಾಗಿ. ಅದು ಅವನು ಸುತ್ತುವ ರೀತಿ.

ಬೇಡವಾದರೆ ಬೇಡ. ಇನ್ನೊಮ್ಮೆ ಇಡುವುದಿಲ್ಲ.

ಮಾರ್ಚ್ 24

ಆ ಕಡೆ ಮೇಣದ ಬತ್ತಿ. ಅಣ್ಣನಿಗೆ ವೋಲ್ಟೇಜ್ ಬೇಡವಂತೆ, ಅವನು ನನ್ನ ಕಡೆಯವನಂತೆ. ಬೇರೆ ಯಾರನ್ನೋ ಗೊತ್ತು ಮಾಡಿದ್ದಾನೆ. ಆ ಹೊಸಬ ಬಂದು ನೋಡಿ, ವೋಲ್ಟೇಜ್ ಹೇಳಿದ್ದನ್ನೇ ಹೇಳಿದನಂತೆ. ಗೋಡೆ ಕೊರೀಬೇಕು. ಬುಧವಾರ ಬರುತ್ತಾನೆ. ಅದೇ ಗೋಡೆ, ಅದೇ ತೂತು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡದ್ದೇ ಲಾಭ. ಕರೆಂಟ್ ಆಫೀಸಿನವರೂ ಅವತ್ತೇ ಬಂದು ಕಂಬದಿಂದ ಅವನ ಕಪ್ಪು ತಂತಿ ಕೊಡುತ್ತಾರಂತೆ.

ಇನ್ನೂ ಎರಡು ದಿನದ ಕತ್ತಲೆ. ನನಗೆ ಬೇಜಾರಿಲ್ಲ ಅಂತ ಬರೆಯಲು ಹೊರಟೆ. ಇದೆ. ಅತ್ತಿಗೆ ಸೆಖೆಯಲ್ಲಿ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಆದರೂ ನಟ್ಟು ವಾಪಸ್ ಹಾಕುವುದಿಲ್ಲ.

ಮಾರ್ಚ್ 25. ಸಂಜೆ

ರೆಕಾರ್ಡು ಹಾಕಿಕೊಂಡೇ ಬರೆಯುತ್ತಿದ್ದೇನೆ. ಆ 'ಹೆಂಗಸಿನ' ರೆಕಾರ್ಡೇ. ಆ ಕಡೆ ಟಿವಿ ಇಲ್ಲ, ಪಂಪಿಲ್ಲ, ಫ್ಯಾನಿಲ್ಲ. ಈ ಮನೆ ಇಷ್ಟು ಶಾಂತವಾಗಿ ಎಂದೂ ಇರಲಿಲ್ಲ, ಎರಡೂ ಭಾಗ ಸೇರಿ.

ಕುರ್ಚಿ ಎಳೆದ ಸದ್ದು. ಗೋಡೆಯಾಚೆ, ನನ್ನ ಸ್ಪೀಕರಿನ ಹಿಂದೆಯೇ. ಅತ್ತಿಗೆಯ ಕುರ್ಚಿಯಲ್ಲ. ಅದು ಭಾರದ ಕುರ್ಚಿ, ಅವನದು.

ಕೇಳುತ್ತಿದ್ದಾನೆ.

ವಾಲ್ಯೂಮ್ ಏರಿಸಲಿಲ್ಲ, ಇಳಿಸಲೂ ಇಲ್ಲ. ನನ್ನ ಮನೆಯಲ್ಲಿ ನನಗೆ ಎಷ್ಟು ಬೇಕೋ ಅಷ್ಟು. ಕೆಮ್ಮಿದ. ಹಾಡಿನ ನಡುವೆ ಅಲ್ಲ, ಎರಡು ಹಾಡಿನ ಮಧ್ಯೆ ಕಾದು ಕೆಮ್ಮಿದ.

ಒಂದು ಬದಿ ಮುಗಿಯಿತು. ಸೂಜಿ ಎತ್ತಿದೆ. ಆಮೇಲೆ ಗೋಡೆಯ ಆ ಕಡೆಯಿಂದ—

"ತಿರುಗಿಸಿ ಹಾಕೇ."

ಅವಳಿಗೆ ಹೇಳು ಅನ್ನಲಿಲ್ಲ. ಅತ್ತಿಗೆಯನ್ನು ಕರೆಯಲಿಲ್ಲ. ನನಗೇ. ಹಾಕಿಬಿಡುತ್ತಿದ್ದೆ, ಕೈ ಹೋಗಿತ್ತು. ಇಲ್ಲ.

"ಕೇಳ್ಬೇಕು ಅಂದ್ರೆ ಬಾಗಿಲಿಗೆ ಬಾ. ಗೋಡೆಗೆ ನಾನು ಹಾಡು ಹಾಕಲ್ಲ."

ರೆಕಾರ್ಡು ತಿರುಗಿಸಿ ಇಟ್ಟಿದ್ದೇನೆ. ಸೂಜಿ ಇಳಿಸುವುದಿಲ್ಲ. ಬೆಳಗಾಗಲಿ, ಇಳಿಸುವುದಿಲ್ಲ.

ಕುರ್ಚಿ ಸರಿಯಿತು. ಅತ್ತಿಗೆ ಟಾರ್ಚ್ ತಗೊಳ್ಳಿ ಅನ್ನುತ್ತಿದ್ದಾರೆ. ಬೇಡ ಅಂದ. ಚಪ್ಪಲಿ. ಅವರ ಗೇಟು. ರಸ್ತೆಯಲ್ಲಿ ನಾಲ್ಕು ಹೆಜ್ಜೆ. ನಿಂತ.

ಈಗ ನನ್ನ ಗೇಟು.